ಇಂದಿರಾ ಬಿ.ಎ., ಇಂದಿರಾ ಎಂ.ಎ.

ಕಾಲೇಜಿನ ಸಿನಿಮಾ ಸಂಘದವರು ಮೂಕಿ ಚಿತ್ರಗಳ ನಟಿಯರ ಬಗ್ಗೆ ಒಂದು ಪ್ರದರ್ಶನ ಏರ್ಪಡಿಸಿದ್ದರು. ಗೋಡೆಗೆ ತೂಗುಹಾಕುವ ಫಲಕಗಳಿಗೆ ಟಿಪ್ಪಣಿ ಬರೆಯುವ ಕೆಲಸ ಒಬ್ಬ ವಿದ್ಯಾರ್ಥಿನಿಯ ಪಾಲಿಗೆ ಬಂತು. ಬರೆದದ್ದನ್ನು ತಿದ್ದಿಸಿಕೊಳ್ಳಲು ಅವಳು ಹೋದದ್ದು, ಅದೇ ಕಾಲೇಜಿನಲ್ಲಿ ಇತಿಹಾಸ ಕಲಿಸಿ, ಫಿಲ್ಮ್ ಸೊಸೈಟಿ ನಡೆಸಿ ನಿವೃತ್ತರಾದ ಮೇಷ್ಟ್ರ ಮನೆಗೆ. ಹಾಳೆಗಳ ಕಟ್ಟಿನಿಂದ ಮೇಷ್ಟ್ರು ಮೊದಲು ಎತ್ತಿಕೊಂಡದ್ದು ಸುಲೋಚನಾ ಕುರಿತ ಹಾಳೆ.

“ನಿಜವಾದ ಹೆಸರು ರೂಬಿ ಮೈಯರ್ಸ್. ಹುಟ್ಟಿದ್ದು 1907, ಪುಣೆ. ಬಾಗ್ದಾದಿ ಯಹೂದಿ ಮನೆತನ. ಸರಿ,” ಎಂದು ಓದುತ್ತಾ ಬಂದವರು ಕೊನೆಯ ಸಾಲಿನಲ್ಲಿ ನಿಂತರು. “‘ಟಾಕಿ ಬಂದಾಗ ಹಿಂದುಸ್ತಾನಿ ಬಾರದೆ ಈಕೆಯ ವೃತ್ತಿಜೀವನ ಮುಗಿಯಿತು.’ ಇದನ್ನ ಎಲ್ಲಿಂದ ತಗೊಂಡೆಯಮ್ಮ?”

“ಎಲ್ಲ ಕಡೆ ಹಾಗೇ ಇದೆ ಸರ್. ಮೂಕಿ ಕಾಲದ ರಾಣಿ, ಮಾತು ಬಂದ ಕೂಡಲೇ ಸಿಂಹಾಸನ ಹೋಯ್ತು ಅಂತ.”

“1934ರಲ್ಲಿ ‘ಇಂದಿರಾ ಎಂ.ಎ.’ ಅಂತ ಒಂದು ಟಾಕಿ ಬಂತು. ಅದರ ನಾಯಕಿ ಯಾರು ಗೊತ್ತಾ?”

ಅವಳು ಗೊತ್ತಿಲ್ಲವೆಂದು ತಲೆಯಾಡಿಸಿದಳು.

“ಇದೇ ಸುಲೋಚನಾ. ಮುಗಿದುಹೋದವರನ್ನ ಮೂರು ವರ್ಷ ಆದಮೇಲೆ ಯಾವ ಕಂಪನಿ ನಾಯಕಿ ಮಾಡುತ್ತೆ? ಆ ಸಾಲು ಹೊಡೆದುಹಾಕು. ಮೊದಲಿಂದ ನೋಡೋಣ.”

ಮೊದಲಿನಿಂದ ಎಂದರೆ ಮೇಷ್ಟ್ರಿಗೆ 1913. ದಾದಾಸಾಹೇಬ್ ಫಾಲ್ಕೆ ‘ರಾಜಾ ಹರಿಶ್ಚಂದ್ರ’ ತೆಗೆಯುವಾಗ ತಾರಾಮತಿಯ ಪಾತ್ರಕ್ಕೆ ಒಬ್ಬ ಹೆಂಗಸೂ ಸಿಗಲಿಲ್ಲ. ಕೊನೆಗೆ ಹೋಟೆಲಿನಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಎಂಬ ಹುಡುಗನಿಗೆ ಸೀರೆ ಉಡಿಸಿದರು. ಅದೇ ಸಾಳುಂಕೆ 1917ರ ‘ಲಂಕಾ ದಹನ’ದಲ್ಲಿ ರಾಮನೂ ಆದ, ಸೀತೆಯೂ ಆದ. ನಡುವೆ ‘ಮೋಹಿನಿ ಭಸ್ಮಾಸುರ’ಕ್ಕೆ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾ ಬಂದರು, ನಿಜ. ಆದರೆ ಅವರ ಹಿಂದೆ ಸಾಲುಗಟ್ಟಿ ಯಾರೂ ಬರಲಿಲ್ಲ. ಮರ್ಯಾದಸ್ಥ ಮನೆಗಳ ಬಾಗಿಲು ಮುಚ್ಚಿಯೇ ಇತ್ತು.

“ಆ ಜಾಗಕ್ಕೆ ಬಂದವರು ಆಂಗ್ಲೋ-ಇಂಡಿಯನ್ ಮತ್ತು ಯಹೂದಿ ಹೆಣ್ಣುಮಕ್ಕಳು,” ಎಂದರು ಮೇಷ್ಟ್ರು. “ಹೊರಗೆ ದುಡಿಯೋದು ಆ ಮನೆಗಳಲ್ಲಿ ಅವಮಾನ ಆಗಿರಲಿಲ್ಲ. ರೆನೀ ಸ್ಮಿತ್ ಪರದೆಯ ಮೇಲೆ ಸೀತಾದೇವಿ ಆದರು. ರೂಬಿ ಮೈಯರ್ಸ್ ಸುಲೋಚನಾ ಆದರು.”

“ಅಂದರೆ ದೇಹ ಬೇಕು, ಹೆಸರು ಬೇಡ ಅಂದ ಹಾಗಾಯ್ತಲ್ಲ ಸರ್. ತಮ್ಮ ಮನೆ ಹೆಣ್ಣುಮಕ್ಕಳನ್ನ ಒಳಗಿಟ್ಟು, ಬೇರೆಯವರ ಮಕ್ಕಳಿಗೆ ದೇವಿ ಅಂತ ಹೆಸರು ಕೊಟ್ಟು ಟಿಕೆಟ್ ಮಾರಿದರು.”

“ಹೌದು. ಅದನ್ನ ಹಾಗೇ ಬರಿ. ಮೆತ್ತಗೆ ಮಾಡಬೇಡ.”

ರೂಬಿ ಮೈಯರ್ಸ್ ಸಿನಿಮಾಕ್ಕೆ ಬರುವ ಮೊದಲು ಟೆಲಿಫೋನ್ ಆಪರೇಟರ್. ಇಂದಿನ ಹುಡುಗಿಗೆ ಆ ಕೆಲಸ ಎಂಥದ್ದೆಂದು ಮೇಷ್ಟ್ರು ವಿವರಿಸಬೇಕಾಯಿತು. ಎದುರಿಗೆ ತೂತುಗಳೇ ತುಂಬಿದ ದೊಡ್ಡ ಹಲಗೆ. ಒಂದೊಂದು ತೂತಿಗೂ ಒಬ್ಬ ಚಂದಾದಾರ. ತಲೆಗೆ ಕಿವಿಯಂತ್ರ, ಎದೆಯ ಮುಂದೆ ಮಾತಾಡುವ ಕೊಳವೆ. ದೀಪ ಹೊತ್ತಿದರೆ ಒಂದು ತಂತಿ ಎಳೆದು ಸಿಕ್ಕಿಸಿ ನಂಬರ್ ಕೇಳಬೇಕು. ಆ ನಂಬರಿನ ತೂತಿಗೆ ಇನ್ನೊಂದು ತಂತಿ ಸಿಕ್ಕಿಸಬೇಕು. ಮಾತು ಮುಗಿದ ಕೂಡಲೇ ಎರಡನ್ನೂ ಕಿತ್ತು ಮುಂದಿನ ದೀಪ ನೋಡಬೇಕು. ಕೈ ಚುರುಕಿರಬೇಕು, ದನಿ ಸ್ಪಷ್ಟವಿರಬೇಕು. ಊರೆಲ್ಲ ಕೇಳುವ ದನಿ ಅದು, ಮುಖ ಮಾತ್ರ ಯಾರಿಗೂ ಕಾಣದು. ಆ ಹುಡುಗಿ ಮುಂದೆ ಮುಖ ಮಾತ್ರ ಕಾಣುವ, ದನಿಯೇ ಕೇಳದ ಕಲೆಗೆ ಹೋದಳು.

ಕೊಹಿನೂರ್ ಫಿಲ್ಮ್ ಕಂಪನಿಯ ನಿರ್ದೇಶಕ ಮೋಹನ್ ಭವನಾನಿ ಬಂದು ಕರೆದಾಗ ರೂಬಿ ಮೊದಲು ಒಲ್ಲೆ ಎಂದಳು. ಸಿನಿಮಾ ಎಂದರೆ ಆಗಿನ ಕಾಲಕ್ಕೆ ಹೆಸರು ಕೆಡಿಸಿಕೊಳ್ಳುವ ದಾರಿ. ಭವನಾನಿ ಬಿಡಲಿಲ್ಲ. ನಟನೆಯ ಗಂಧವಿಲ್ಲದ ಹುಡುಗಿ ಕೊನೆಗೆ ಒಪ್ಪಿಕೊಂಡಳು. 1925ರಲ್ಲಿ ‘ವೀರ ಬಾಲಾ’ ಬಂತು, ಒಂದೆರಡು ವರ್ಷಗಳಲ್ಲೇ ಆಕೆ ಕೊಹಿನೂರಿನ ತಾರೆಯಾದಳು.

“ಈ ಭವನಾನಿ ನಮಗೂ ಬೇಕಾದವರು,” ಎಂದು ಮೇಷ್ಟ್ರು ಸ್ವಲ್ಪ ಪಕ್ಕಕ್ಕೆ ಹೊರಳಿದರು. ಶೂದ್ರಕನ ‘ಮೃಚ್ಛಕಟಿಕ’ವನ್ನು ಮೂಕಿ ಚಿತ್ರ ಮಾಡಿದವರು ಇವರೇ. ಅದರಲ್ಲಿ ಏಣಾಕ್ಷಿ ರಾಮರಾವ್ ಇದ್ದರು, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಇದ್ದರು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋದ, ಆಮೇಲೆ ದೇಶದ ಕರಕುಶಲ ಕಲೆಗಳಿಗೆ ಜೀವ ತುಂಬಿದ ಅದೇ ಕಮಲಾದೇವಿ. ಮರ್ಯಾದಸ್ಥ ಮನೆತನದ ಹೆಣ್ಣುಮಗಳು ತನ್ನ ಸ್ವಂತ ಹೆಸರಿನಲ್ಲಿ ಕ್ಯಾಮೆರಾ ಮುಂದೆ ನಿಂತದ್ದು ಸಣ್ಣ ಸಂಗತಿಯಲ್ಲ. ಆದರೆ ಆ ಹಾದಿಯ ಮುಳ್ಳುಗಳನ್ನು ಮೊದಲು ತುಳಿದವರು ರೂಬಿ ಮೈಯರ್ಸ್‌ನಂಥವರು ಎಂಬುದು ಮೇಷ್ಟ್ರ ಖಚಿತ ಅಭಿಪ್ರಾಯ.

ವಿದ್ಯಾರ್ಥಿನಿ ಫಲಕಕ್ಕೆಂದು ಆರಿಸಿದ್ದ ಫೋಟೋ ತೋರಿಸಿದಳು. ಮೇಷ್ಟ್ರು ನೋಡಿ ನಕ್ಕರು. “ಇವರು ಬೇರೆ ಸುಲೋಚನಾ. ಹಿಂದಿ, ಮರಾಠಿ ಚಿತ್ರಗಳಲ್ಲಿ ತಾಯಿ ಪಾತ್ರ ಮಾಡ್ತಿದ್ದ ಸುಲೋಚನಾ ಲಾಟ್ಕರ್. ಬೆಳಗಾವಿ ಜಿಲ್ಲೆ ಖಡಕಲಾಟದವರು. ದೊಡ್ಡ ನಟಿ, ಆದರೆ ನಿನ್ನ ಫಲಕಕ್ಕಲ್ಲ.” ಕನ್ನಡದ ಮೊದಲ ವಾಕ್ಚಿತ್ರವೂ ‘ಸತಿ ಸುಲೋಚನಾ’ ಆದ್ದರಿಂದ ನಮ್ಮಲ್ಲಿ ಗೊಂದಲ ಇನ್ನೂ ಜಾಸ್ತಿ. ಅಲ್ಲಿನ ಸುಲೋಚನಾ ಇಂದ್ರಜಿತುವಿನ ಹೆಂಡತಿ, ಪಾತ್ರ ಮಾಡಿದವರು ತ್ರಿಪುರಾಂಬ. ಅದು ತೆರೆಕಂಡದ್ದು 1934ರ ಮಾರ್ಚ್ 3ರಂದು, ‘ಇಂದಿರಾ ಎಂ.ಎ.’ ಬಂದ ವರ್ಷವೇ.

“ಸರಿ ಸರ್, ಚಿತ್ರಗಳ ವಿಷಯಕ್ಕೆ ಬನ್ನಿ. ಆಕೆ ಮಾಡಿದ ಪಾತ್ರಗಳಲ್ಲಿ ಅಂಥದ್ದೇನಿತ್ತು?”

ಮೇಷ್ಟ್ರು ಹೆಸರುಗಳನ್ನೇ ಹೇಳತೊಡಗಿದರು. 1926ರ ‘ಟೈಪಿಸ್ಟ್ ಗರ್ಲ್’, ನಿರ್ದೇಶನ ಚಂದೂಲಾಲ್ ಶಾ. 1927ರ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’, ಅಂದರೆ ಮುಂಬೈಯ ಕಾಡುಬೆಕ್ಕು. 1929ರ ‘ಇಂದಿರಾ ಬಿ.ಎ.’. ಈ ಹೆಸರುಗಳ ಸುತ್ತ ಆಗ ತೆರೆಯ ಮೇಲಿದ್ದದ್ದು ಸೀತೆ, ಸಾವಿತ್ರಿ, ದಮಯಂತಿ, ಅನಸೂಯೆಯರು. ಅವರ ನಡುವೆ ಬೆರಳಚ್ಚು ಮಾಡಿ ಸಂಬಳ ತರುವ ಹುಡುಗಿ, ಪದವಿ ಪಡೆದ ಹುಡುಗಿ, ಊರನ್ನೇ ಕಣ್ಣುಕಟ್ಟಿ ಓಡುವ ಹುಡುಗಿ ಬಂದು ನಿಂತಳು. ಮುಂಬೈಯ ಆಫೀಸುಗಳಲ್ಲಿ ಅಂಥ ಹುಡುಗಿಯರು ಆಗಷ್ಟೇ ಕಾಣತೊಡಗಿದ್ದರು. ಅವರ ಪಾತ್ರವನ್ನು ತೆರೆಯ ಮೇಲೆ ನಟಿಸಲು ಸಿಕ್ಕವಳೂ ಅಂಥವಳೇ ಒಬ್ಬ ಆಫೀಸು ಹುಡುಗಿಯಾಗಿದ್ದಳು.

‘ವೈಲ್ಡ್‌ಕ್ಯಾಟ್’ ಬಗ್ಗೆ ಹೇಳುವಾಗ ಮೇಷ್ಟ್ರು ಕುರ್ಚಿಯ ತುದಿಗೆ ಬಂದು ಕೂತರು. ಅದರಲ್ಲಿ ಸುಲೋಚನಾಗೆ ಎಂಟು ವೇಷ. ತೋಟದ ಮಾಲಿ, ಪೊಲೀಸು, ಹೈದರಾಬಾದಿನ ಶ್ರೀಮಂತ, ಬೀದಿಯ ಪೋರ, ಹೊಂಗೂದಲ ಯುರೋಪಿಯನ್ ಹೆಂಗಸು, ಬಾಳೆಹಣ್ಣು ಮಾರುವ ಮುದುಕಿ, ಕೈಚಳಕದ ಜೇಬುಗಳ್ಳಿ, ಹೀಗೆ.

“ಲೆಕ್ಕ ಹಾಕು. 1913ರಲ್ಲಿ ಹೆಣ್ಣಿನ ಪಾತ್ರಕ್ಕೆ ಗಂಡಸನ್ನ ಹುಡುಕಿ ತಂದರು. 1927ಕ್ಕೆ ಒಬ್ಬಳು ಹೆಣ್ಣು ಪೊಲೀಸಿನವನ ಟೋಪಿ ಹಾಕಿ ನಿಂತಳು, ಜನ ದುಡ್ಡು ಕೊಟ್ಟು ನೋಡಿದರು. ಹದಿನಾಲ್ಕೇ ವರ್ಷ.”

“ಅದು ಸಾಧನೆ ಸರ್, ಒಪ್ತೀನಿ. ಆದರೆ ಜನ ನೋಡಿದ್ದು ಆಕೆಯ ನಟನೆಯನ್ನೋ, ಬಿಳಿ ಬಣ್ಣವನ್ನೋ? ಕೆನ್ನೆ, ಕಂದು ಕಣ್ಣು, ತುಂಡುಕೂದಲು, ಬರೀ ಇದನ್ನೇ ಎಲ್ಲರೂ ಬರೆದಿದ್ದಾರೆ.”

ಮೇಷ್ಟ್ರು ತುಸು ಹೊತ್ತು ಯೋಚಿಸಿ ಮಾತಾಡಿದರು. ಬಣ್ಣದ ಆಕರ್ಷಣೆ ಇದ್ದದ್ದು ಸತ್ಯ. ಸ್ಟುಡಿಯೋಗಳು ಅದನ್ನೇ ಮಾರಿದ್ದೂ ಸತ್ಯ, ಆ ಚಾಳಿ ಇಂದಿಗೂ ಬಿಟ್ಟಿಲ್ಲ. ಆದರೆ ಬಣ್ಣವೊಂದನ್ನೇ ನೆಚ್ಚಿ ಎಂಟು ವೇಷ ಹಾಕಲು ಬಾರದು. ಬಾಳೆಹಣ್ಣಿನ ಮುದುಕಿಗೆ ಕೆಂಪು ಕೆನ್ನೆಯಿಂದ ಏನೂ ಆಗಬೇಕಿಲ್ಲ. ಬಾಗಿದ ಬೆನ್ನು, ಎಳೆಯುವ ಕಾಲು, ಚಿಲ್ಲರೆ ಎಣಿಸುವ ಬೆರಳು ಬೇಕು. ಮೂಕಿಯಲ್ಲಿ ಇಡೀ ಪಾತ್ರ ನಿಂತದ್ದು ಮೈಯ ಮೇಲೆ. ಹಗಲು ಬೆಳಕಿನಲ್ಲಿ, ಕನ್ನಡಿ ಹಿಡಿದು ಬಿಸಿಲನ್ನು ಮುಖಕ್ಕೆ ತಿರುಗಿಸಿ, ಕೈಯಲ್ಲಿ ತಿರುಗಿಸುವ ಕ್ಯಾಮೆರಾದ ಎದುರು ಕಣ್ಣು ಕಿರಿದು ಮಾಡದೆ ನಿಲ್ಲಬೇಕಿತ್ತು. ಸಂಭಾಷಣೆ ಎಂದರೆ ನಡುನಡುವೆ ಬರುವ ಬರಹದ ಪಟ್ಟಿ ಅಷ್ಟೇ, ಅದನ್ನೂ ಓದು ಬಾರದವರಿಗೆ ಯಾರಾದರೂ ಗಟ್ಟಿಯಾಗಿ ಓದಿ ಹೇಳಬೇಕಿತ್ತು.

“ಬರೀ ಚಂದದ ಮುಖ ಅಂತ ಬರೆದವರು ‘ಬಲಿದಾನ’ದ ಹೆಸರು ಎತ್ತೋದಿಲ್ಲ,” ಎಂದು ಅವರು ಮುಂದುವರಿಸಿದರು. ಟಾಗೋರರ ‘ವಿಸರ್ಜನ’ ನಾಟಕ ಆಧರಿಸಿದ 1927ರ ಚಿತ್ರ ಅದು. ಪ್ರಾಣಿಬಲಿಯನ್ನು ಪ್ರಶ್ನಿಸುವ ಕತೆ. ಟಿ. ರಂಗಾಚಾರಿಯರ್ ಅಧ್ಯಕ್ಷತೆಯಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಸಿನಿಮಾಟೋಗ್ರಾಫ್ ಸಮಿತಿ 1928ರ ವರದಿಯಲ್ಲಿ ಭಾರತೀಯ ಚಿತ್ರವೆಂದರೆ ಹೀಗಿರಬೇಕು ಎಂಬಂತೆ ಅದನ್ನು ಮೆಚ್ಚಿಕೊಂಡಿತು. ಸುಲೋಚನಾ ಅದರಲ್ಲೂ ಇದ್ದರು.

ಅಷ್ಟರಲ್ಲಿ ಆಕೆ ಅರ್ದೇಶಿರ್ ಇರಾನಿಯವರ ಇಂಪೀರಿಯಲ್ ಕಂಪನಿಗೆ ಬಂದಾಗಿತ್ತು. ಅಲ್ಲಿ ಆರ್.ಎಸ್. ಚೌಧರಿ ನಿರ್ದೇಶನದಲ್ಲಿ 1928ರಲ್ಲಿ ‘ಮಾಧುರಿ’, ‘ಅನಾರ್ಕಲಿ’, ಮರುವರ್ಷ ‘ಇಂದಿರಾ ಬಿ.ಎ.’. ಅನಾರ್ಕಲಿಯ ಕತೆ ಆಗ ಬಿಸಿಬಿಸಿ ಸರಕು. ಇಮ್ತಿಯಾಜ್ ಅಲಿ ತಾಜ್ ಬರೆದ ನಾಟಕ ಹೆಸರಾಗಿತ್ತು. ಗ್ರೇಟ್ ಈಸ್ಟರ್ನ್ ಫಿಲ್ಮ್ ಕಾರ್ಪೊರೇಷನ್ ಅದನ್ನು ಸೀತಾದೇವಿಯನ್ನು ನಾಯಕಿ ಮಾಡಿ ಭಾರಿ ಖರ್ಚಿನಲ್ಲಿ ತೆಗೆಯುತ್ತಿತ್ತು. ಇರಾನಿ ಅದೇ ಕತೆಯನ್ನು ಸುಲೋಚನಾಳನ್ನು ಇಟ್ಟುಕೊಂಡು ಸರಸರನೆ ಮುಗಿಸಿ ಮೊದಲೇ ಬಿಡುಗಡೆ ಮಾಡಿದರು. ಮೊದಲು ಬಂದದ್ದನ್ನು ಜನ ಮುಗಿಬಿದ್ದು ನೋಡಿದರು, ಸೀತಾದೇವಿಯ ಚಿತ್ರ ಸೊರಗಿತು. ಇನ್ನು ‘ಮಾಧುರಿ’ಯ ಒಂದು ನೃತ್ಯ ಎಷ್ಟು ಹೆಸರಾಯಿತೆಂದರೆ, ಗಾಂಧೀಜಿ ಖಾದಿ ಪ್ರದರ್ಶನ ಉದ್ಘಾಟಿಸುವ ಕಿರುಚಿತ್ರವೊಂದರ ಜತೆ ಅದನ್ನು ಶಬ್ದ ಜೋಡಿಸಿ ತೋರಿಸಿದರು.

“ಹಾಗಾದರೆ ಆಕೆಗೆ ಬಾಂಬೆ ಗವರ್ನರ್‌ಗಿಂತ ಜಾಸ್ತಿ ಸಂಬಳ ಅನ್ನೋದು ಸರಿ ಅಲ್ವಾ ಸರ್? ಅದನ್ನ ದಪ್ಪ ಅಕ್ಷರದಲ್ಲಿ ಬರೆದಿದ್ದೀನಿ.”

“ತಿಂಗಳಿಗೆ ಐದು ಸಾವಿರ ಅಂತಾರೆ. ಗವರ್ನರ್ ಸಂಬಳ ಎಷ್ಟಿತ್ತು ಅಂತ ನೋಡಿದ್ದೀಯಾ?”

ಅವಳು ನೋಡಿರಲಿಲ್ಲ. ಮೇಷ್ಟ್ರು ನೋಡಿದ್ದರು. 1935ರ ಭಾರತ ಸರ್ಕಾರ ಕಾಯ್ದೆಯ ಅನುಬಂಧದಲ್ಲಿ ಅದು ಅಚ್ಚಾಗಿಯೇ ಇದೆ: ಬಾಂಬೆ ಪ್ರಾಂತ್ಯದ ಗವರ್ನರ್‌ಗೆ ವರ್ಷಕ್ಕೆ 1,20,000 ರೂಪಾಯಿ, ಅಂದರೆ ತಿಂಗಳಿಗೆ 10,000. ಸುಲೋಚನಾಗೆ ಸಿಗುತ್ತಿತ್ತೆನ್ನುವ 5,000 ಅದರ ಅರ್ಧ. ನೂರು ಕಡೆ ಅಚ್ಚಾದ ಮಾತು ಒಂದು ಭಾಗಾಕಾರಕ್ಕೆ ನಿಲ್ಲುವುದಿಲ್ಲ.

“ಛೇ, ಚೆನ್ನಾಗಿದ್ದ ಸಾಲು ಹೋಯ್ತು.”

“ಹೋದರೆ ಹೋಗಲಿ. ಸ್ವಿಚ್‌ಬೋರ್ಡಿನ ಮುಂದೆ ಕೂತಿದ್ದ ಹುಡುಗಿ ಹತ್ತು ವರ್ಷದಲ್ಲಿ ಒಂದು ಪ್ರಾಂತ್ಯದ ಗವರ್ನರ್‌ನ ಅರ್ಧ ಸಂಬಳ ತಗೊಂಡಳು ಅನ್ನೋದು ಕಮ್ಮಿ ಮಾತಾ? ಕಾರು ಇಟ್ಟಿದ್ದಳು, ತಾನೇ ಓಡಿಸ್ತಿದ್ದಳು. ಇದ್ದದ್ದನ್ನ ಇದ್ದ ಹಾಗೆ ಹೇಳಿದರೂ ಆಕೆ ದೊಡ್ಡವಳೇ.”

ಆಮೇಲೆ ಬಂತು 1931ರ ಮಾರ್ಚ್ 14. ಮುಂಬೈಯ ಮೆಜೆಸ್ಟಿಕ್ ಟಾಕೀಸಿನಲ್ಲಿ ‘ಆಲಂ ಆರಾ’. ತೆಗೆದವರು ಇರಾನಿ, ಕಂಪನಿ ಇಂಪೀರಿಯಲ್, ನಾಯಕಿ ಮಾತ್ರ ಜುಬೇದಾ. ತನ್ನದೇ ಕಂಪನಿಯ ಚರಿತ್ರಾರ್ಹ ಚಿತ್ರದಲ್ಲಿ ಕಂಪನಿಯ ಅತಿ ದೊಡ್ಡ ತಾರೆಗೆ ಜಾಗವಿರಲಿಲ್ಲ. ಕಾರಣ ಒಂದೇ, ಸುಲೋಚನಾಗೆ ಹಿಂದುಸ್ತಾನಿ ಸರಿಯಾಗಿ ಬರುತ್ತಿರಲಿಲ್ಲ.

“ನಾನು ಬರೆದದ್ದೂ ಅದೇ ಸರ್!”

“ಅರ್ಧ ಬರೆದೆ. ಮುಂದಿನ ಅರ್ಧ ಕೇಳು.”

ಮುಂದಿನ ಅರ್ಧವೇ ಮೇಷ್ಟ್ರಿಗೆ ಮುಖ್ಯ. ಸುಲೋಚನಾ ಕಣ್ಣೀರಿಡುತ್ತಾ ಕೂರಲಿಲ್ಲ. ಸುಮಾರು ಒಂದು ವರ್ಷ ಚಿತ್ರ ಬಿಟ್ಟು ಭಾಷೆ ಕಲಿತರು. 1932ರಲ್ಲಿ ‘ಮಾಧುರಿ’ ಟಾಕಿಯಾಗಿ ಬಂತು, ಮತ್ತೆ ಆಕೆಯೇ ನಾಯಕಿ. ಆಮೇಲೆ ತನ್ನ ಮೂಕಿ ಚಿತ್ರಗಳನ್ನೇ ಒಂದೊಂದಾಗಿ ಮಾತಿಗೆ ತಂದರು. ‘ಇಂದಿರಾ ಬಿ.ಎ.’ 1934ರಲ್ಲಿ ‘ಇಂದಿರಾ ಎಂ.ಎ.’ ಆಯಿತು. 1935ರಲ್ಲಿ ಚೌಧರಿಯವರೇ ನಿರ್ದೇಶಿಸಿದ ಟಾಕಿ ‘ಅನಾರ್ಕಲಿ’. 1936ರಲ್ಲಿ ಕಾಡುಬೆಕ್ಕು ‘ಬಂಬಯಿ ಕೀ ಬಿಲ್ಲಿ’ಯಾಗಿ ಮರಳಿತು. ಡಿ. ಬಿಲಿಮೋರಿಯಾ ಜತೆ ಆಕೆಯ ಜೋಡಿ 1933ರಿಂದ 1939ರವರೆಗೆ ಓಡಿತು. ನಡುವೆ ರೂಬಿ ಪಿಕ್ಸ್ ಎಂಬ ಸ್ವಂತ ಸಂಸ್ಥೆಯನ್ನೂ ಕಟ್ಟಿದರು, ಅದಕ್ಕೆ ಇಟ್ಟದ್ದು ಹುಟ್ಟಿದ ಹೆಸರನ್ನು.

“ಬಿ.ಎ. ಇದ್ದವಳು ಎಂ.ಎ. ಮಾಡಿಕೊಂಡು ಬಂದಳು,” ಎಂದಳು ವಿದ್ಯಾರ್ಥಿನಿ, ಸಂತೋಷದಿಂದ.

“ಹಾಗೇ ಬರಿ, ಚೆನ್ನಾಗಿದೆ.”

“ಮತ್ತೆ ಮುಗಿದದ್ದು ಯಾವಾಗ?”

ಮುಗಿಸಿದ್ದು ಮಾತಲ್ಲ, ಮೂವತ್ತರ ದಶಕದ ಕೊನೆ. 1938ರಲ್ಲಿ ಇಂಪೀರಿಯಲ್ ಬಾಗಿಲು ಹಾಕಿತು. ಆಕೆಯ ಚಿತ್ರಗಳೆಲ್ಲ ಆ ಮನೆಯ ಬಂಡವಾಳ, ಆ ಮನೆಯ ನಿರ್ದೇಶಕರು, ಆ ಮನೆಯ ಹಂಚಿಕೆದಾರರ ಮೇಲೆ ನಿಂತಿದ್ದವು. ತಾವೇ ಹಾಡಬಲ್ಲ ಹೊಸ ನಾಯಕಿಯರು ಬಂದಿದ್ದರು. ಸುಲೋಚನಾಗೆ ಆಗಲೇ ಮೂವತ್ತು ದಾಟಿತ್ತು. ನಾಯಕರಿಗೆ ಆ ವಯಸ್ಸು ಏನೂ ಅಲ್ಲ, ನಾಯಕಿಯರಿಗೆ ಮಾತ್ರ ಅಂಚಿಗೆ ಸರಿಯುವ ವಯಸ್ಸು. “ಅದಕ್ಕೆ ಭಾಷೆಯ ಮೇಲೆ ಹೊರೆ ಹಾಕೋದು ಸುಲಭ,” ಎಂದರು ಮೇಷ್ಟ್ರು. “ಉದ್ಯಮ ಹೆಂಗಸರನ್ನ ಹೇಗೆ ನಡೆಸಿಕೊಳ್ತು ಅಂತ ಆಗ ಕೇಳಬೇಕಾಗಿಲ್ಲ.”

ಅವಳು ಆ ಮಾತನ್ನು ಗುರುತು ಹಾಕಿಕೊಂಡಳು.

ನಂತರದ ವರ್ಷಗಳನ್ನು ಮೇಷ್ಟ್ರು ಬೇಗ ದಾಟಿದರು. 1947ರಲ್ಲಿ ದಿಲೀಪ್ ಕುಮಾರ್, ನೂರ್‌ಜಹಾನ್ ಅವರ ‘ಜುಗ್ನು’. ಅದರಲ್ಲಿ ವಯಸ್ಸಾದ ಪ್ರಾಧ್ಯಾಪಕನೊಬ್ಬ ಸುಲೋಚನಾ ಮಾಡಿದ ಪಾತ್ರಕ್ಕೆ ಮನಸೋಲುವ ಎಳೆ ಇತ್ತು. ಇದು ನೀತಿಗೆ ಧಕ್ಕೆ ಎಂದು ಬಾಂಬೆ ಪ್ರಾಂತ್ಯದ ಗೃಹಮಂತ್ರಿ ಮೊರಾರ್ಜಿ ದೇಸಾಯಿ ಚಿತ್ರವನ್ನೇ ನಿಷೇಧಿಸಿದರೆಂದು ಹೇಳುತ್ತಾರೆ. ನಡುವಯಸ್ಸಿನ ಹೆಣ್ಣನ್ನು ಯಾರಾದರೂ ಮೆಚ್ಚಬಹುದು ಎಂಬುದೇ ತಪ್ಪಾಗಿ ಕಂಡಿತು. 1953ರಲ್ಲಿ ಮತ್ತೊಂದು ‘ಅನಾರ್ಕಲಿ’. ನಿರ್ದೇಶಕರು ನಂದಲಾಲ್ ಜಸವಂತಲಾಲ್, ‘ಇಂದಿರಾ ಎಂ.ಎ.’ ತೆಗೆದವರು. ಅನಾರ್ಕಲಿಯಾಗಿ ಬೀನಾ ರಾಯ್. ಎರಡು ಸಲ ಅನಾರ್ಕಲಿಯಾಗಿದ್ದ ಸುಲೋಚನಾ ಈ ಸಲ ಸಲೀಮನ ತಾಯಿ, ಜೋಧಾಬಾಯಿ. ಮೂಕಿ, ಟಾಕಿ, ತಾಯಿ ಪಾತ್ರ ಎಂದು ಒಂದೇ ಕತೆಯೊಳಗೆ ಇಪ್ಪತ್ತೈದು ವರ್ಷ ನಡೆದ ನಟಿ ಇನ್ನೊಬ್ಬಳು ಮೇಷ್ಟ್ರಿಗೆ ಗೊತ್ತಿಲ್ಲ.

1973ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಆಕೆಗೆ ಬಂತು. ಆ ಪ್ರಶಸ್ತಿ ಪಡೆದ ಮೊದಲ ಹೆಣ್ಣು ಬೆಂಗಳೂರಿನ ತಾತಗುಣಿಯಲ್ಲಿ ಬಾಳಿದ ದೇವಿಕಾ ರಾಣಿ, ಎರಡನೆಯವರು ಸುಲೋಚನಾ. ನಾಯಕಿಯ ಪಾತ್ರಕ್ಕೆ ಒಬ್ಬ ಹೆಂಗಸೂ ಸಿಗದೆ ಪರದಾಡಿದ ಫಾಲ್ಕೆಯವರ ಹೆಸರಿನ ಪ್ರಶಸ್ತಿ ಅದು. 1983ರ ಅಕ್ಟೋಬರ್ 10ರಂದು ಮುಂಬೈಯಲ್ಲಿ ತೀರಿಕೊಂಡಾಗ ಆಕೆಯನ್ನು ಚಿತ್ರರಂಗ ಬಹುಮಟ್ಟಿಗೆ ಮರೆತಿತ್ತು.

“ಸರ್, ಪ್ರದರ್ಶನದ ದಿನ ‘ವೈಲ್ಡ್‌ಕ್ಯಾಟ್’ ಒಂದು ತುಣುಕು ತೋರಿಸಬಹುದಾ? ಆ ಎಂಟು ವೇಷಗಳಲ್ಲಿ ಒಂದನ್ನಾದರೂ ನೋಡಬೇಕು ಅನ್ನಿಸ್ತಿದೆ.”

“ಇಲ್ಲಮ್ಮ. ಆ ಚಿತ್ರ ಇಲ್ಲ.”

ಭಾರತದಲ್ಲಿ 1,300ಕ್ಕೂ ಹೆಚ್ಚು ಮೂಕಿ ಚಿತ್ರಗಳು ತಯಾರಾದವು. ಪೂರ್ತಿಯೋ ತುಂಡೋ ಉಳಿದಿರುವುದು ಅದರ ಅತಿ ಸಣ್ಣ ಪಾಲು. ನೈಟ್ರೇಟ್ ಫಿಲ್ಮು ಬೇಗ ಕೊಳೆಯುತ್ತದೆ, ಕಿಡಿ ಬಿದ್ದರೆ ಭಗ್ಗೆನ್ನುತ್ತದೆ. ಟಾಕಿ ಬಂದ ಮೇಲೆ ಮೂಕಿ ರೀಲುಗಳಿಗೆ ಬೆಲೆಯೇ ಇರಲಿಲ್ಲ, ಅವುಗಳಲ್ಲಿದ್ದ ಬೆಳ್ಳಿ ತೆಗೆಯಲು ತೂಕಕ್ಕೆ ಮಾರಿದರು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ, ಅಷ್ಟರಲ್ಲಿ ಕಾಲ ಮೀರಿತ್ತು. ಅಲ್ಲಿನ ಪಿ.ಕೆ. ನಾಯರ್ ಊರೂರು ಅಲೆದು ಕಾಪಾಡಿದ್ದು ಇಲ್ಲದಿದ್ದರೆ ಫಾಲ್ಕೆಯವರ ಚೂರುಗಳೂ ನಮಗೆ ಸಿಗುತ್ತಿರಲಿಲ್ಲ. ಗುಬ್ಬಿ ವೀರಣ್ಣನವರು ಬೆಂಗಳೂರಿನಲ್ಲಿ ತೆಗೆಸಿದ ಮೂಕಿಗಳ ಗತಿಯೂ ಅದೇ.

ಆದರೆ 1928ರ ‘ಶಿರಾಜ್’ ಇಂದೂ ನೋಡಲು ಸಿಗುತ್ತದೆ. ಹಿಮಾಂಶು ರಾಯ್, ಜರ್ಮನಿಯ ಫ್ರಾಂಜ್ ಓಸ್ಟೆನ್ ಸೇರಿ ಮಾಡಿದ ಚಿತ್ರ ಅದು. ಸೀತಾದೇವಿ, ಏಣಾಕ್ಷಿ ರಾಮರಾವ್ ಇಬ್ಬರೂ ಅದರಲ್ಲಿದ್ದಾರೆ. ಬ್ರಿಟನ್ನಿನಲ್ಲಿ ಪ್ರತಿ ಉಳಿದಿತ್ತು. 2017ರಲ್ಲಿ ಅದನ್ನು ಶುಚಿಗೊಳಿಸಿ, ಅನೌಷ್ಕಾ ಶಂಕರ್ ಸಂಗೀತ ಕೂಡಿಸಿ ಮತ್ತೆ ತೋರಿಸಿದರು. ಪರದೇಶದವರ ಕಪಾಟಿನಲ್ಲಿದ್ದ ಚಿತ್ರ ಬದುಕಿತು. ನಮ್ಮ ಜನ ಮುಗಿಬಿದ್ದು ನೋಡಿದ, ನಮ್ಮ ದುಡ್ಡಿನಲ್ಲೇ ತೆಗೆದ ‘ಟೈಪಿಸ್ಟ್ ಗರ್ಲ್’, ‘ವೈಲ್ಡ್‌ಕ್ಯಾಟ್’ ನಮ್ಮ ಕೈಯಲ್ಲೇ ಹಾಳಾದವು.

“ಹಾಗಾದರೆ ಆಕೆ ದೊಡ್ಡ ನಟಿ ಅಂತ ನಾವು ಯಾವ ಆಧಾರದ ಮೇಲೆ ಹೇಳೋದು?” ವಿದ್ಯಾರ್ಥಿನಿಯ ದನಿಯಲ್ಲಿ ಬೇಸರಕ್ಕಿಂತ ಸಿಟ್ಟು ಹೆಚ್ಚಿತ್ತು.

ಮೇಷ್ಟ್ರು ಇದಕ್ಕೆ ಉತ್ತರ ಇಟ್ಟುಕೊಂಡೇ ಇದ್ದರು. ಒಂದೇ ಪಾತ್ರವನ್ನು ಮೂಕಿಯಲ್ಲೂ ಟಾಕಿಯಲ್ಲೂ ಜನ ಆಕೆಯಿಂದಲೇ ಕೇಳಿದರು. ಕಂಪನಿಗಳು ಭಾವನೆಗೆ ಕಟ್ಟುಬಿದ್ದು ಹಣ ಹೂಡುವುದಿಲ್ಲ. ಎಂಟು ವೇಷ ಒಬ್ಬಳ ಕೈಗೆ ಕೊಟ್ಟ ನಿರ್ದೇಶಕನಿಗೆ ಆಕೆಯ ಶಕ್ತಿ ಗೊತ್ತಿತ್ತು. ಭಾಷೆ ಕಲಿತು ಬಂದವಳಿಗೆ ಆರೇಳು ವರ್ಷ ನಾಯಕಿಯ ಪಟ್ಟ ಉಳಿದದ್ದು ಬಣ್ಣದಿಂದಲ್ಲ, ದುಡಿಮೆಯಿಂದ. “ಮಾತು ಬಂದು ಸುಲೋಚನಾ ಮುಗಿಯಲಿಲ್ಲ. ಮುಗಿಸಿದವರು ಕಂಪನಿಯವರು, ಆಮೇಲೆ ರೀಲುಗಳನ್ನ ತೂಕಕ್ಕೆ ಹಾಕಿದವರು. ನಿನ್ನ ಫಲಕದ ಕೊನೇ ಸಾಲು ಇದಾಗಲಿ.”

ಅವಳು ಹಳೆಯ ಸಾಲನ್ನು ಹೊಡೆದುಹಾಕಿ ಕೆಳಗೆ ಹೊಸದನ್ನು ಬರೆದಳು. ಬರೆದು ಮುಗಿಸಿ, ಪ್ರದರ್ಶನಕ್ಕೆ ಬರುವವರಿಗಾಗಿ ಇನ್ನೊಂದು ಚೀಟಿಯನ್ನೂ ಅಂಟಿಸಲೇ ಎಂದು ಕೇಳಿದಳು. ಮೇಷ್ಟ್ರು ಒಪ್ಪಿದರು. ಅದರ ಒಕ್ಕಣೆ ಹೀಗಿದೆ: ನಿಮ್ಮ ಅಟ್ಟದ ಮೇಲೆ, ಅಜ್ಜನ ಟ್ರಂಕಿನಲ್ಲಿ, ಮುಚ್ಚಿಹೋದ ಟೆಂಟ್ ಸಿನಿಮಾದ ಸಾಮಾನಿನ ನಡುವೆ ಹಳೆಯ ಫಿಲ್ಮ್ ಡಬ್ಬಿ, ಸಿನಿಮಾ ಹಾಡಿನ ಪುಸ್ತಕ, ಕರಪತ್ರ, ಭಿತ್ತಿಪತ್ರ ಏನೇ ಸಿಕ್ಕರೂ ರದ್ದಿಗೆ ಹಾಕಬೇಡಿ. ಫಿಲ್ಮ್ ಡಬ್ಬಿಯನ್ನು ಬೆಂಕಿ, ಬಿಸಿಲಿನ ಹತ್ತಿರ ತೆರೆಯಬೇಡಿ. ಪುಣೆಯ ಚಲನಚಿತ್ರ ಸಂಗ್ರಹಾಲಯಕ್ಕೆ ಒಂದು ಪತ್ರ ಬರೆಯಿರಿ, ಅಥವಾ ನಮಗೆ ತಿಳಿಸಿ, ನಾವೇ ಬಂದು ನೋಡುತ್ತೇವೆ.